ಉಪ್ಪಿನ ಹರಳು ಚೌಕ, ಮೈಲುತುತ್ತದ ಹರಳು ಓರೆ: ಯಾಕೆ ಹೀಗೆ?

ತೋಟದಮನೆ

ಎಲ್ಲರಿಗೂ ನಮಸ್ಕಾರ. ಮಳೆಗಾಲ ಮುಗಿಯಿತು ಅಂತ ಔಷಧಿ ಹೊಡೆಯುವ ಸಾಮಾನೆಲ್ಲ ಎತ್ತಿಡುತ್ತಿದ್ದೆ. ಹಳೇ ಮೈಲುತುತ್ತದ (ಕಾಪರ್ ಸಲ್ಫೇಟ್) ಚೀಲದ ತಳದಲ್ಲಿ ಪುಡಿ ಕಟ್ಟಿಕೊಂಡು ಹರಳು ಬೆಳೆದಿವೆ. ಕೆಲವು ಹೆಬ್ಬೆರಳಿನ ಉಗುರಿಗಿಂತ ದೊಡ್ಡವು. ಅಂಚು ಚೂಪು, ಮುಖ ನುಣುಪು, ಬಣ್ಣ ಕಡುನೀಲಿ. ಆದರೆ ಒಂದೂ ನೆಟ್ಟಗಿಲ್ಲ, ಎಲ್ಲವೂ ಓರೆ. ಮನೆಯ ಕಲ್ಲುಪ್ಪು ತಂದು ಪಕ್ಕದಲ್ಲಿಟ್ಟು ನೋಡಿದೆ. ಅದು ಚೌಕ, ಮೂಲೆ ಮೂಲೆಯೂ ಬಡಗಿಯ ಮೂಲೆಮಟ್ಟ ಇಟ್ಟು ಅಳೆದ ಹಾಗಿದೆ.

ಎರಡು ಪ್ರಶ್ನೆ. ಯಾರೂ ಕೆತ್ತದೆ ಈ ಆಕಾರ ಹೇಗೆ ಬರುತ್ತೆ? ಒಂದಕ್ಕೆ ಚೌಕ, ಇನ್ನೊಂದಕ್ಕೆ ಓರೆ ಯಾಕೆ? ಎರಡನೆಯದು, ಹೀಗೆ ಕಟ್ಟಿಕೊಂಡ ಮೈಲುತುತ್ತ ಬೋರ್ಡೋ ದ್ರಾವಣಕ್ಕೆ (ಸುಣ್ಣ ಬೆರೆಸಿ ತೋಟಕ್ಕೆ ಹೊಡೆಯುವ ಔಷಧಿ) ಬರುತ್ತಾ, ಎಸೆಯಬೇಕಾ? ಎರಡನೆಯದಕ್ಕೆ ಮೊದಲು ಉತ್ತರ ಸಿಕ್ಕಿದರೆ ಒಳ್ಳೆಯದು, ದುಡ್ಡಿನ ವಿಷಯ.

ಅಡಿಕೆಗೊನೆ

ಎಸೆಯಬೇಡಿ ಮಾರಾಯ್ರೇ. ಅದೇ ವಸ್ತು, ಗಟ್ಟಿಯಾಗಿದೆ ಅಷ್ಟೇ. ಕರಗೋದು ನಿಧಾನ. ಹಿಂದಿನ ರಾತ್ರಿಯೇ ಬಟ್ಟೆಯಲ್ಲಿ ಕಟ್ಟಿ ನೀರಿನ ಮೇಲುಭಾಗದಲ್ಲಿ ತೂಗುಬಿಡಿ, ಬೆಳಗ್ಗೆಗೆ ಕರಗಿರುತ್ತೆ. ಪ್ಲಾಸ್ಟಿಕ್ ಡ್ರಮ್ಮಿನಲ್ಲೇ ಮಾಡಿ. ಕಬ್ಬಿಣದ ಪಾತ್ರೆಯಾದರೆ ತಾಮ್ರವೆಲ್ಲ ಪಾತ್ರೆಗೆ ಮೆತ್ತಿಕೊಂಡು ಕೂರುತ್ತೆ. ಮತ್ತೆ ಗೊತ್ತೇ ಇದೆಯಲ್ಲ, ನೂರು ಲೀಟರಿಗೆ ಒಂದು ಕೆಜಿ ಇದು, ಒಂದು ಕೆಜಿ ಸುಣ್ಣ.

ಮೊದಲನೇ ಪ್ರಶ್ನೆ ನಮ್ಮ ಕೈಲಾಗದು. ಮೇಷ್ಟ್ರು ಬರಲಿ.

ಪಿಯು ಮೇಷ್ಟ್ರು

ಬಂದೆ. ಉಪ್ಪಿನಿಂದ ಶುರು ಮಾಡೋಣ, ಅದು ಸುಲಭ.

ಉಪ್ಪಿನಲ್ಲಿ ಇರುವುದು ಎರಡೇ ಬಗೆ: ಸೋಡಿಯಂ ಅಯಾನು, ಕ್ಲೋರಿನ್ ಅಯಾನು. ಅಯಾನು ಅಂದರೆ ವಿದ್ಯುತ್ತು ಹೊತ್ತ ಪರಮಾಣು. ಒಂದಕ್ಕೆ ಧನ ವಿದ್ಯುತ್ತು, ಇನ್ನೊಂದಕ್ಕೆ ಋಣ. ಎರಡೂ ಹೆಚ್ಚುಕಡಿಮೆ ಗುಂಡಗಿವೆ. ಎಡ ಬಲ ಅಂತಿಲ್ಲ, ಸುತ್ತಲೂ ಒಂದೇ ಸಮ ಎಳೆಯುತ್ತವೆ. ಹಾಗಾಗಿ ಪ್ರತಿ ಸೋಡಿಯಂ ತನ್ನ ಸುತ್ತ ಆರು ಕ್ಲೋರಿನ್ ಇಟ್ಟುಕೊಳ್ಳುತ್ತೆ: ಮುಂದೆ, ಹಿಂದೆ, ಎಡಕ್ಕೆ, ಬಲಕ್ಕೆ, ಮೇಲೆ, ಕೆಳಗೆ. ಪ್ರತಿ ಕ್ಲೋರಿನ್ ಸುತ್ತಲೂ ಹಾಗೇ ಆರು ಸೋಡಿಯಂ. ಇದೇ ವ್ಯವಸ್ಥೆ ಮೂರೂ ದಿಕ್ಕಿಗೆ ಹಬ್ಬುತ್ತಾ ಹೋಗುತ್ತೆ. ಪಕ್ಕಪಕ್ಕದ ಸೋಡಿಯಂ ಮತ್ತು ಕ್ಲೋರಿನ್ ನಡುವಿನ ದೂರ 0.282 ನ್ಯಾನೋಮೀಟರ್. ಒಂದು ಮಿಲಿಮೀಟರ್ ಅಗಲದ ಹರಳು ತೆಗೆದುಕೊಂಡರೆ ಒಂದು ಅಂಚಿನಲ್ಲೇ ಸುಮಾರು 35 ಲಕ್ಷ ಅಯಾನುಗಳು ಸಾಲಾಗಿ ನಿಂತಿರುತ್ತವೆ. ಅಷ್ಟು ದೂರ ಸಾಲು ತಪ್ಪದೆ ಹೋಗುವುದರಿಂದಲೇ ನಮ್ಮ ಕಣ್ಣಿಗೆ ಚೌಕ ಕಾಣುವುದು.

ಮೈಲುತುತ್ತ ಹಾಗಲ್ಲ. ಅದರಲ್ಲಿ ತಾಮ್ರ ಇದೆ. ಒಂದು ಗಂಧಕ ನಾಲ್ಕು ಆಮ್ಲಜನಕ ಸೇರಿದ ಸಲ್ಫೇಟ್ ಗುಂಪು ಇದೆ. ಪ್ರತಿ ತಾಮ್ರಕ್ಕೆ ಐದು ನೀರಿನ ಅಣುಗಳೂ ಇವೆ. ನಾಲ್ಕು ನೀರು ತಾಮ್ರದ ಸುತ್ತ ಅಂಟಿಕೊಂಡಿವೆ. ಐದನೆಯದು ತಾಮ್ರವನ್ನು ಮುಟ್ಟುವುದೇ ಇಲ್ಲ, ಸಲ್ಫೇಟ್ ಮತ್ತು ಉಳಿದ ನೀರಿನ ನಡುವೆ ಕೊಂಡಿಯಾಗಿ ಕೂತಿದೆ. ಇಷ್ಟು ಅಂಕುಡೊಂಕಿನ ಸಾಮಾನನ್ನು ಜಾಗ ಬಿಡದೆ ಜೋಡಿಸಬೇಕು. ನೆಟ್ಟಗೆ ಜೋಡಿಸಲು ಆಗದು, ವಾಲಿಸಲೇಬೇಕು. ಮತ್ತೆ ಮತ್ತೆ ಬರುವ ಅದರ ಅತಿ ಚಿಕ್ಕ ಘಟಕದ ಮೂರು ಅಂಚುಗಳು ಸುಮಾರು 0.61, 1.07, 0.60 ನ್ಯಾನೋಮೀಟರ್. ಮೂರೂ ಬೇರೆ ಬೇರೆ. ಮೂರು ಕೋನಗಳಲ್ಲಿ ಒಂದೂ 90 ಡಿಗ್ರಿ ಇಲ್ಲ. ಏಳು ಹರಳು ವರ್ಗಗಳಲ್ಲಿ ಅತಿ ಕಡಿಮೆ ಸಮಮಿತಿಯ (ತಿರುಗಿಸಿದರೂ ಹಾಗೇ ಕಾಣುವ ಗುಣದ) ವರ್ಗ ಇದರದ್ದು. ನಿಮ್ಮ ಚೀಲದ ತಳದಲ್ಲಿ ಒಂದೂ ನೆಟ್ಟಗಿಲ್ಲ ಅಂದಿರಲ್ಲ, ಇರಲು ಸಾಧ್ಯವೂ ಇಲ್ಲ.

ತೋಟದಮನೆ

ನೀರಾ? ಅದು ಒಣಗಿದೆ ಮೇಷ್ಟ್ರೇ. ಮುಟ್ಟಿದರೆ ಕೈ ಒದ್ದೆಯಾಗುವುದಿಲ್ಲ.

ಪಿಯು ಮೇಷ್ಟ್ರು

ಒದ್ದೆ ಆಗೋದಿಲ್ಲ, ಯಾಕೆಂದರೆ ಆ ನೀರಿಗೆ ಓಡಾಡಲು ಜಾಗವಿಲ್ಲ. ಪ್ರತಿ ಅಣುವಿಗೂ ಅದರ ಸೀಟು ಗೊತ್ತಾಗಿದೆ. ತೂಕದ ಲೆಕ್ಕದಲ್ಲಿ ಮೈಲುತುತ್ತದಲ್ಲಿ ನೂರಕ್ಕೆ 36 ಭಾಗ ನೀರೇ. 25 ಕೆಜಿ ಚೀಲದಲ್ಲಿ 9 ಕೆಜಿ. ಒಂದು ಚೂರನ್ನು ಹಳೇ ಡಬ್ಬಿಯ ಮುಚ್ಚಳದಲ್ಲಿಟ್ಟು ಹೊರಗಡೆ ಕಾಯಿಸಿ ನೋಡಿ. 200 ಡಿಗ್ರಿ ದಾಟುವ ಹೊತ್ತಿಗೆ ನೀರೆಲ್ಲ ಹೋಗಿ ಬಿಳಿ ಪುಡಿಯಾಗುತ್ತೆ. ನೀಲಿ ಬಣ್ಣವೂ ಹೋಯಿತು, ಹರಳೂ ಹೋಯಿತು. ಒಂದು ಹನಿ ನೀರು ಬಿಟ್ಟರೆ ಮತ್ತೆ ನೀಲಿ.

ಅಡಿಕೆಗೊನೆ

ಅಂದರೆ ಇಷ್ಟು ವರ್ಷ ಚೀಲಕ್ಕೆ 9 ಕೆಜಿ ನೀರಿಗೆ ದುಡ್ಡು ಕೊಟ್ಟಿದ್ದೀವಿ!

ಪಿಯು ಮೇಷ್ಟ್ರು

ಕೊಟ್ಟಿದ್ದೀರಿ, ಆದರೆ ಮೋಸ ಏನಿಲ್ಲ. ನೂರು ಲೀಟರಿಗೆ ಒಂದು ಕೆಜಿ ಅನ್ನುವ ಅಳತೆಯೇ ಆ ನೀರನ್ನು ಸೇರಿಸಿಕೊಂಡು ಮಾಡಿದ್ದು. ನೀಲಿ ಹರಳಿನಲ್ಲಿ ತಾಮ್ರ ನೂರಕ್ಕೆ 25.5 ಭಾಗ, ಪೂರ್ತಿ ನೀರು ಹೋದ ಬಿಳಿ ಪುಡಿಯಲ್ಲಿ 40ರ ಹತ್ತಿರ. ಹಾಗಾಗಿ ಹಳೇ ಸರಕು ಮೇಲೆಲ್ಲ ಬಿಳಿಚಿಕೊಂಡಿದ್ದರೆ ಒಂದು ಕೆಜಿಗೆ ತಾಮ್ರ ಸ್ವಲ್ಪ ಜಾಸ್ತಿಯೇ ಬೀಳುತ್ತೆ. ಸುಣ್ಣ ಸಾಲದೆ ಹೋಗಬಹುದು. ದ್ರಾವಣಕ್ಕೆ ಉಜ್ಜಿದ ಕಬ್ಬಿಣದ ಚೂರು ಅದ್ದಿ ನೋಡಿ, ಕೆಂಪು ಲೇಪ ಕೂತರೆ ಇನ್ನಷ್ಟು ಸುಣ್ಣ ಹಾಕಿ.

ಮ್ಯೂನಿಕ್ ಮಾಣಿ

ಮೈಲುತುತ್ತ ಅಂದ ಕೂಡಲೇ ಲಾಗಿನ್ ಆದೆ. ನಾನು ಇರುವ ಊರಲ್ಲೇ ನಡೆದ ಕತೆ ಇದು, ಹೇಳದೆ ಇರಲಾರೆ.

ಹರಳಿನ ಒಳಗೆ ಪರಮಾಣುಗಳು ಸಾಲಾಗಿ ನಿಂತಿವೆ ಅನ್ನುವುದಕ್ಕೆ ಮೊದಲ ಕಣ್ಣಾರೆ ಪುರಾವೆ ಸಿಕ್ಕಿದ್ದು 1912ರಲ್ಲಿ, ಮ್ಯೂನಿಕ್ ವಿಶ್ವವಿದ್ಯಾಲಯದಲ್ಲಿ. ಆ ಪ್ರಯೋಗಕ್ಕೆ ಇಟ್ಟ ಹರಳು ವಜ್ರವೂ ಅಲ್ಲ, ಮಾಣಿಕ್ಯವೂ ಅಲ್ಲ, ಉಪ್ಪೂ ಅಲ್ಲ. ನಮ್ಮ ಮೈಲುತುತ್ತ!

ಆಗ ಎಕ್ಸ್‌ರೇ ಏನು ಅನ್ನುವುದೇ ಜಗಳದಲ್ಲಿತ್ತು. ಅಲೆ ಅಂತ ಕೆಲವರು, ಕಣ ಅಂತ ಕೆಲವರು. ಪೌಲ್ ಎವಾಲ್ಡ್ ಅನ್ನುವ ಹುಡುಗ ಹರಳಿನಲ್ಲಿ ಬೆಳಕು ಹೋಗುವ ಬಗೆಯ ಮೇಲೆ ಥೀಸಿಸ್ ಬರೆಯುತ್ತಿದ್ದ. ಏನೋ ಕೇಳೋಣ ಅಂತ ಮ್ಯಾಕ್ಸ್ ಫಾನ್ ಲಾವೆ ಹತ್ತಿರ ಹೋದ. ಇಬ್ಬರೂ ಇಂಗ್ಲಿಷರ್ ಗಾರ್ಟನ್ ಅನ್ನುವ ಪಾರ್ಕಿನಲ್ಲಿ ನಡೆಯುತ್ತಾ ಮಾತಾಡಿದರು. ಲಾವೆ ಇವನ ಪ್ರಶ್ನೆ ಬಿಟ್ಟು ತನ್ನದೇ ಒಂದನ್ನು ಹಿಡಿದ: ಹರಳಿನಲ್ಲಿ ಕಣದಿಂದ ಕಣಕ್ಕೆ ಎಷ್ಟು ದೂರ? ಕಣ್ಣಿಗೆ ಕಾಣುವ ಬೆಳಕಿನ ಅಲೆಗಿಂತ ಐನೂರರಿಂದ ಸಾವಿರ ಪಟ್ಟು ಕಡಿಮೆ ಇರಬಹುದು ಅಂದ ಎವಾಲ್ಡ್. ಲಾವೆಗೆ ಅಷ್ಟೇ ಬೇಕಿತ್ತು. ಎಕ್ಸ್‌ರೇ ಅಲೆಯೇ ಆಗಿದ್ದರೆ ಅದರ ಉದ್ದವೂ ಅಷ್ಟೇ ಇರಬೇಕು ಅಂತ ಆಗಲೇ ಅಂದಾಜಿತ್ತು. ಹಾಗಿದ್ದರೆ ಹರಳಿನ ಮೂಲಕ ಎಕ್ಸ್‌ರೇ ಬಿಟ್ಟರೆ ಅದು ಚೆದುರಿ ಕ್ರಮವಾದ ಗುರುತು ಬೀಳಬೇಕು.

ಲಾವೆ ಲೆಕ್ಕದ ಮನುಷ್ಯ. ಕೈಕೆಲಸ ಮಾಡಿದ್ದು ವಾಲ್ಟರ್ ಫ್ರೀಡ್ರಿಶ್ ಮತ್ತು ಪೌಲ್ ಕ್ನಿಪ್ಪಿಂಗ್. ಗಂಟೆಗಟ್ಟಲೆ ಎಕ್ಸ್‌ರೇ ಹಾಯಿಸಿ ಪ್ಲೇಟ್ ತೊಳೆದರೆ ನಡುವಿನ ದೊಡ್ಡ ಕಲೆಯ ಸುತ್ತ ಚುಕ್ಕೆಗಳು. ಹರಳನ್ನು ಪುಡಿ ಮಾಡಿ ಇಟ್ಟು ನೋಡಿದಾಗ ಆ ಚುಕ್ಕೆಗಳು ಕಾಣಲಿಲ್ಲ. ಚುಕ್ಕೆ ಮೂಡಿಸಿದ್ದು ವಸ್ತುವಲ್ಲ, ವಸ್ತುವಿನ ಜೋಡಣೆ. 1914ರ ನೊಬೆಲ್ ಲಾವೆಗೆ ಬಂತು. ಆ ಉಪಕರಣ ಇಲ್ಲಿನ ಡಾಯ್ಚಸ್ ಮ್ಯೂಸಿಯಂನಲ್ಲಿದೆ. ಸುಮ್ನೆ ಒಂದು ಮರದ ಪೆಟ್ಟಿಗೆ, ಕೊಳವೆ, ತಗಡು. ಸೆಲ್ಫಿ ತೆಗೆಯುವವರು ಯಾರೂ ಇರುವುದಿಲ್ಲ.

ಪ್ರಶ್ನಾರ್ಥಕ

ಕತೆ ಚೆನ್ನಾಗಿದೆ. ಅಷ್ಟೆಲ್ಲ ಹರಳು ಬಿಟ್ಟು ಮೈಲುತುತ್ತವೇ ಯಾಕೆ? ಮೇಷ್ಟ್ರೇ ಹೇಳಿದರಲ್ಲ, ಸಮಮಿತಿ ಅತಿ ಕಡಿಮೆ ಅಂತ. ಕಷ್ಟದ್ದನ್ನೇ ಮೊದಲು ಹಿಡಿದರಾ?

ಮ್ಯೂನಿಕ್ ಮಾಣಿ

ಒಳ್ಳೆ ಪ್ರಶ್ನೆ. ಎರಡು ಕಾರಣ. ದೊಡ್ಡ ಚೆಂದದ ಹರಳು ಸುಲಭವಾಗಿ ಸಿಗುತ್ತೆ. ಇನ್ನೊಂದು, ಹರಳಿನ ಒಳಗಿನ ಲೋಹವೇ ಎಕ್ಸ್‌ರೇ ಬಿದ್ದಾಗ ತನ್ನದೇ ಎಕ್ಸ್‌ರೇ ಹೊಮ್ಮಿಸಿ ಚುಕ್ಕೆ ಮೂಡಿಸುತ್ತೆ ಅಂತ ಅವರು ನಂಬಿದ್ದರು. ಹಾಗಾಗಿ ತಾಮ್ರ ಇರುವ ಹರಳು ಬೇಕಾಯಿತು. ಆ ನಂಬಿಕೆ ನಿಲ್ಲಲಿಲ್ಲ, ಚುಕ್ಕೆ ಮಾತ್ರ ಬಂತು! ಮೈಲುತುತ್ತದ ಚುಕ್ಕೆಗಳು ಚೆಲ್ಲಾಪಿಲ್ಲಿಯಾಗಿದ್ದವು. ಆಮೇಲೆ ಸತುವಿನ ಸಲ್ಫೈಡ್ ಹರಳು ಇಟ್ಟರು. ಅದು ಚೌಕ ವರ್ಗದ್ದು, ನಾಲ್ಕೂ ಕಡೆ ಸಮನಾಗಿ ರಂಗೋಲಿ ಚುಕ್ಕಿ ಬಿದ್ದವು. ಮೈಲುತುತ್ತದ ಒಳಗಿನ ಪೂರ್ತಿ ಜೋಡಣೆ ಬಿಡಿಸಲು 1934ರ ತನಕ ಕಾಯಬೇಕಾಯಿತು. ಬೀವರ್ಸ್ ಮತ್ತು ಲಿಪ್ಸನ್ ಅನ್ನುವ ಇಬ್ಬರು ಇಂಗ್ಲೆಂಡಿನಲ್ಲಿ ಬಿಡಿಸಿದರು.

ಪ್ರಶ್ನಾರ್ಥಕ

ಸರಿ. ಆದರೆ ಚುಕ್ಕೆ ನೋಡಿ ಪರಮಾಣು ಎಲ್ಲಿದೆ ಅಂತ ಹೇಗೆ ಹೇಳುತ್ತಾರೆ? ಪ್ಲೇಟಿನಲ್ಲಿ ಬಿದ್ದಿದ್ದು ಚುಕ್ಕೆ, ಪರಮಾಣುವಿನ ಫೋಟೋ ಅಲ್ಲ. ನಡುವೆ ದೊಡ್ಡ ಜಿಗಿತ ಇದೆ ಅಲ್ವಾ?

ಪಿಯು ಮೇಷ್ಟ್ರು

ಇದೆ. ಆ ಜಿಗಿತಕ್ಕೆ ಸೇತುವೆ ಕಟ್ಟಿದ್ದು 22 ವರ್ಷದ ಹುಡುಗ, ಲಾರೆನ್ಸ್ ಬ್ರಾಗ್. ಹುಟ್ಟಿದ್ದು ಆಸ್ಟ್ರೇಲಿಯಾದ ಅಡಿಲೇಡ್, ಆಗ ಕೇಂಬ್ರಿಡ್ಜಿನಲ್ಲಿ ಓದುತ್ತಿದ್ದ.

ತೋಟದಮನೆಯವರೇ, ನಿಮ್ಮ ಅಡಿಕೆ ತೋಟ ನೆನಪಿಸಿಕೊಳ್ಳಿ. ಹಗ್ಗ ಹಿಡಿದು ಸಾಲಾಗಿ ನೆಟ್ಟ ತೋಟ. ಒಂದು ಕಡೆ ನಿಂತು ನೋಡಿದರೆ ಮರಗಳೆಲ್ಲ ಒಂದರ ಹಿಂದೆ ಒಂದು ಅಡಗಿ ಉದ್ದಕ್ಕೆ ಓಣಿ ಕಾಣುತ್ತೆ. ಎರಡು ಹೆಜ್ಜೆ ಪಕ್ಕಕ್ಕೆ ಹೋದರೆ ಓಣಿ ಮಾಯ, ಬರೀ ಮರ. ಇನ್ನಷ್ಟು ತಿರುಗಿದರೆ ಮೂಲೆಯಿಂದ ಮೂಲೆಗೆ ಬೇರೆ ಓಣಿ. ಮರ ಅವೇ, ಸಾಲುಗಳು ಹಲವು. ಓಣಿ ಯಾವ ಯಾವ ಕೋನಕ್ಕೆ ತೆರೆಯುತ್ತೆ ಅಂತ ಬರೆದಿಟ್ಟುಕೊಂಡರೆ ತೋಟದ ಒಳಗೆ ಕಾಲಿಡದೆಯೂ ಮರದಿಂದ ಮರಕ್ಕೆ ಎಷ್ಟು ಅಡಿ ಅಂತ ಲೆಕ್ಕ ಹಾಕಬಹುದು.

ಬ್ರಾಗ್ ಹರಳಿನ ಒಳಗಿನ ಇಂಥ ಸಾಲುಗಳನ್ನು ಪದರಗಳು ಅಂತ ಎಣಿಸಿದ. ಎಕ್ಸ್‌ರೇ ಪ್ರತಿ ಪದರದಿಂದ ಸ್ವಲ್ಪ ಸ್ವಲ್ಪ ಮರಳುತ್ತೆ. ಒಂದರ ಕೆಳಗಿನ ಇನ್ನೊಂದು ಪದರದಿಂದ ಬರುವ ಅಲೆ ಸ್ವಲ್ಪ ಜಾಸ್ತಿ ದೂರ ನಡೆದಿರುತ್ತೆ. ಆ ಜಾಸ್ತಿ ದೂರ ಒಂದು ಅಲೆಯ ಉದ್ದಕ್ಕೋ ಎರಡು ಅಲೆಯ ಉದ್ದಕ್ಕೋ ಸರಿಯಾಗಿ ಕೂತರೆ ಎಲ್ಲ ಪದರಗಳೂ ಒಟ್ಟಿಗೆ ಕೂಗುತ್ತವೆ, ಚುಕ್ಕೆ ಬೀಳುತ್ತೆ. ಕೂರದಿದ್ದರೆ ಒಂದನ್ನೊಂದು ಅಳಿಸಿಹಾಕುತ್ತವೆ. ಕೋನ ಗೊತ್ತು, ಅಲೆಯ ಉದ್ದ ಗೊತ್ತು, ಪದರದಿಂದ ಪದರಕ್ಕೆ ದೂರ ಸಿಕ್ಕಿತು. ಎರಡನೇ ಪಿಯು ಹುಡುಗರಿಗೆ ಸಾಕಾಗುವಷ್ಟೇ ಗಣಿತ. ಯಾವ ಚುಕ್ಕೆ ಎಷ್ಟು ದಪ್ಪ ಅನ್ನುವುದರಿಂದ ಯಾವ ಪರಮಾಣು ಎಲ್ಲಿ ಕೂತಿದೆ ಅಂತ ಹೇಳಬಹುದು, ಯಾಕೆಂದರೆ ಎಲೆಕ್ಟ್ರಾನ್ ಜಾಸ್ತಿ ಇರುವ ಪರಮಾಣು ಎಕ್ಸ್‌ರೇಯನ್ನು ಜೋರಾಗಿ ಚೆದುರಿಸುತ್ತೆ. 1913ರಲ್ಲಿ ಮೊದಲು ಬಿಡಿಸಿದ್ದರಲ್ಲಿ ಉಪ್ಪೂ ಒಂದು. ಅಪ್ಪ ವಿಲಿಯಂ ಬ್ರಾಗ್ ಅಳೆಯುವ ಯಂತ್ರ ಕಟ್ಟಿದ. 1915ರಲ್ಲಿ ಅಪ್ಪ ಮಗ ಇಬ್ಬರಿಗೂ ಸೇರಿ ನೊಬೆಲ್. ಮಗನಿಗೆ ಆಗ 25.

ತೋಟದಮನೆ

ಓಣಿಯ ಮಾತು ಒಪ್ಪಿದೆ. ಅಪ್ಪಯ್ಯ ನೆಟ್ಟ ತೋಟ ಹಾಗೇ ಇದೆ. ನಾನು ಸತ್ತ ಮರದ ಜಾಗದಲ್ಲಿ ಗಿಡ ಹಾಕಿದ ಕಡೆ ಮಾತ್ರ ಓಣಿ ಕೆಟ್ಟಿದೆ.

ಕುಲುಮೆ

ಆ ಕೆಟ್ಟ ಜಾಗದ ಬಗ್ಗೆ ಆಮೇಲೆ ಬರೆಯುತ್ತೇನೆ, ನನ್ನ ಹೊಟ್ಟೆಪಾಡು ಅದೇ.

ಮೊದಲು ಒಂದು ಮಾತು. ಮೇಷ್ಟ್ರು ಉಪ್ಪಿನ ಜೋಡಣೆಯನ್ನು ಬಲು ಸಲೀಸಾಗಿ ಹೇಳಿಬಿಟ್ಟರು. ಆಗಿನವರು ಇದನ್ನು ಅಷ್ಟು ಸಲೀಸಾಗಿ ಒಪ್ಪಲಿಲ್ಲ. ಬ್ರಾಗ್ ಹೇಳಿದ್ದರ ಅರ್ಥ ಏನು ಅಂದರೆ, ಉಪ್ಪಿನ ಹರಳಿನಲ್ಲಿ ಉಪ್ಪಿನ ಅಣು ಅಂತ ಒಂದು ಇಲ್ಲವೇ ಇಲ್ಲ! ಈ ಸೋಡಿಯಂ ಈ ಕ್ಲೋರಿನ್ನಿಗೇ ಸೇರಿದ್ದು ಅಂತ ಜೋಡಿ ಹಾಕಲು ಬರುವುದಿಲ್ಲ. ಹೆನ್ರಿ ಆರ್ಮ್‌ಸ್ಟ್ರಾಂಗ್ ಅನ್ನುವ ಹಿರಿಯ ರಸಾಯನ ವಿಜ್ಞಾನಿ 1927ರಲ್ಲಿ ನೇಚರ್ ಪತ್ರಿಕೆಗೆ ಸಿಟ್ಟಿನ ಪತ್ರ ಬರೆದ. ಚದುರಂಗದ ಹಾಸಿನ ಹಾಗೆ ಸೋಡಿಯಂ ಕ್ಲೋರಿನ್ ಇಟ್ಟಿದ್ದಾರಂತೆ, ಇದು ಸಾಮಾನ್ಯ ಬುದ್ಧಿಗೆ ಒಗ್ಗದ ಮಾತು, ರಸಾಯನಶಾಸ್ತ್ರದ ಕ್ರಿಕೆಟ್ಟೇ ಅಲ್ಲ ಅಂತ. ಬಯ್ಯುವುದಕ್ಕೂ ಕ್ರಿಕೆಟ್ ಬೇಕಾಯಿತು ನೋಡಿ ಆ ಇಂಗ್ಲಿಷಿನವನಿಗೆ.

ಪಿಯು ಮೇಷ್ಟ್ರು

ಆರ್ಮ್‌ಸ್ಟ್ರಾಂಗ್ ಇನ್ನೂ ಬದುಕಿದ್ದಾನೆ ಕುಲುಮೆಯವರೇ, ನಮ್ಮ ಕ್ಲಾಸಿನಲ್ಲಿ. ಉಪ್ಪಿನ ಅಣುವಿನ ಚಿತ್ರ ಬರೆಯಿರಿ ಅಂದರೆ ಹತ್ತಕ್ಕೆ ಒಂಬತ್ತು ಮಕ್ಕಳು ಒಂದು ಸೋಡಿಯಂ ಒಂದು ಕ್ಲೋರಿನ್ ಬರೆದು ನಡುವೆ ಗೆರೆ ಎಳೆಯುತ್ತಾರೆ. ಪ್ರಶ್ನೆಯೇ ಮೋಸದ್ದು ಅಂತ ಒಬ್ಬರಾದರೂ ಹೇಳಲಿ ಅಂತ ಕಾಯುತ್ತೇನೆ.

ಕಡಲತಡಿ

ಗೋಕರ್ಣದ ಹತ್ತಿರ ಸಾಣಿಕಟ್ಟೆಯ ಉಪ್ಪಿನ ಆಗರ ನೋಡಿ ಬೆಳೆದವನು ನಾನು. ಆಗರದಲ್ಲಿ ಗಾಳಿ ಇಲ್ಲದ ದಿನ ನೀರಿನ ಮೇಲೆಯೇ ತೆಳು ಹರಳು ತೇಲುತ್ತವೆ. ಹತ್ತಿರ ಹೋಗಿ ನೋಡಿದರೆ ಅವು ತುಂಬಿದ ಚೌಕ ಅಲ್ಲ. ತಲೆಕೆಳಗಾದ ಗೋಪುರ, ಒಳಗೆ ಪೊಳ್ಳು, ಮೆಟ್ಟಿಲು ಮೆಟ್ಟಿಲು. ಮುಟ್ಟಿದರೆ ಮುಳುಗುತ್ತವೆ. ಉಪ್ಪು ಅಂದರೆ ಚೌಕ ಅನ್ನುವುದಾದರೆ ಇದೇನು?

ಪಿಯು ಮೇಷ್ಟ್ರು

ಒಳಗಿನ ಜೋಡಣೆ ಅದೇ ಚೌಕ. ಹೊರಗಿನ ಆಕಾರ ಬೇರೆ ಲೆಕ್ಕ. ಹರಳಿನ ಯಾವ ಮುಖ ನಿಧಾನ ಬೆಳೆಯುತ್ತೋ ಅದೇ ಕೊನೆಗೆ ಉಳಿಯುವುದು. ಬೇಗ ಬೆಳೆಯುವ ಮುಖ ತಾನೇ ಮುಂದೆ ಓಡಿ ಕಿರಿದಾಗಿ ಮೊನೆಯಾಗಿ ಇಲ್ಲವಾಗುತ್ತೆ. ಉಪ್ಪಿನಲ್ಲಿ ಚೌಕದ ಮುಖದ ಮೇಲೆ ಸೋಡಿಯಂ ಕ್ಲೋರಿನ್ ಒಂದು ಬಿಟ್ಟು ಒಂದು ಇರುತ್ತವೆ, ಧನ ಋಣ ಸರಿತೂಗಿರುತ್ತೆ. ಮೂಲೆ ಕತ್ತರಿಸಿದ ಮುಖವಾದರೆ ಅದರ ಮೇಲೆ ಬರೀ ಸೋಡಿಯಂ ಇಲ್ಲವೇ ಬರೀ ಕ್ಲೋರಿನ್. ಅಂಥ ಮುಖ ಸುಮ್ಮನಿರುವುದಿಲ್ಲ, ಎದುರಿನದನ್ನು ಎಳೆದುಕೊಂಡು ಬೇಗ ಬೆಳೆದು ಮುಗಿದುಹೋಗುತ್ತೆ. ಉಳಿಯುವುದು ಚೌಕ.

ಆಗರದಲ್ಲಿ ಹರಳು ಮೇಲ್ಮೈಯಲ್ಲಿ ತೇಲುತ್ತಾ ಬೆಳೆಯುತ್ತೆ. ನೀರು ಆರುವುದು ಅಲ್ಲಿಯೇ, ಹಾಗಾಗಿ ಅಂಚು ಮಾತ್ರ ಬೆಳೆಯುತ್ತೆ. ಭಾರಕ್ಕೆ ಸ್ವಲ್ಪ ಕೆಳಗಿಳಿಯುತ್ತೆ, ಮತ್ತೆ ಅಂಚು ಬೆಳೆಯುತ್ತೆ. ನೀವು ಕಂಡ ಮೆಟ್ಟಿಲು ಅದೇ. ಪ್ರತಿ ಮೆಟ್ಟಿಲಿನ ಮೂಲೆ ನೋಡಿ, 90 ಡಿಗ್ರಿಯೇ.

ಇನ್ನೂ ತಮಾಷೆ ಬೇಕಾ? ಉಪ್ಪುನೀರಿಗೆ ಯೂರಿಯಾ ಬೆರೆಸಿ ಹರಳು ಬೆಳೆಸಿದರೆ ಎಂಟು ಮುಖದ ಹರಳು ಬರುತ್ತೆ. ಮೂತ್ರದಲ್ಲಿ ಬೆಳೆದ ಉಪ್ಪು ಎಂಟು ಮುಖದ್ದು ಅಂತ 1783ರಲ್ಲೇ ಫ್ರಾನ್ಸಿನ ರೋಮೆ ದ ಲಿಲ್ ಬರೆದಿದ್ದ. ಯೂರಿಯಾ ಆ ಬೇಗ ಬೆಳೆಯುವ ಮುಖಗಳಿಗೆ ಅಂಟಿಕೊಂಡು ಅವನ್ನು ನಿಧಾನ ಮಾಡುತ್ತೆ. ಗ್ರಂಥಿಗೆ ಅಂಗಡಿಯ ಪಟಿಕ ಏನೂ ಬೆರೆಸದೆಯೇ ಎಂಟು ಮುಖದಲ್ಲಿ ಬೆಳೆಯುತ್ತೆ. ಅದರ ಒಳಗಿನ ಜೋಡಣೆಯೂ ಚೌಕ ವರ್ಗದ್ದೇ. ಆಕಾರ ನೋಡಿ ಒಳಗನ್ನು ಪೂರ್ತಿ ಹೇಳಲು ಬರುವುದಿಲ್ಲ. ಮುಖಗಳ ನಡುವಿನ ಕೋನ ಮಾತ್ರ ಸುಳ್ಳು ಹೇಳುವುದಿಲ್ಲ. ಅದನ್ನು 1669ರಲ್ಲಿ ಡೆನ್ಮಾರ್ಕಿನ ಸ್ಟೆನೋ ಎಕ್ಸ್‌ರೇ ಇಲ್ಲದ ಕಾಲದಲ್ಲೇ ಗಮನಿಸಿದ್ದ.

ಕುಲುಮೆ

ಈಗ ಕೆಟ್ಟ ಓಣಿಯ ವಿಷಯ.

ಎಲ್ಲರೂ ಅಚ್ಚುಕಟ್ಟು ಅಚ್ಚುಕಟ್ಟು ಅಂತ ಹೊಗಳುತ್ತಿದ್ದೀರಿ. ಕಬ್ಬಿಣ, ತಾಮ್ರ, ಚಿನ್ನ ಎಲ್ಲವೂ ಹರಳುಗಳೇ. ಒಂದು ಮೊಳೆಯಲ್ಲಿ ಕಣ್ಣಿಗೆ ಕಾಣದ ಲೆಕ್ಕವಿಲ್ಲದಷ್ಟು ಹರಳುಗಳು ಒತ್ತೊತ್ತಾಗಿ ಕೂತಿರುತ್ತವೆ. ಇವುಗಳ ಜೋಡಣೆ ಪೂರ್ತಿ ಸರಿಯಿದ್ದಿದ್ದರೆ ಲೋಹವನ್ನು ಬಗ್ಗಿಸಲು ಈಗ ಬೇಕಾಗುವ ಬಲದ ಸಾವಿರಾರು ಪಟ್ಟು ಬೇಕಾಗುತ್ತಿತ್ತು. ಲೆಕ್ಕ ಒಂದು, ಬಗ್ಗುವುದು ಇನ್ನೊಂದು. 1934ರಲ್ಲಿ ಟೇಲರ್, ಒರೊವಾನ್, ಪೊಲಾನಿ ಮೂವರೂ ಬೇರೆ ಬೇರೆಯಾಗಿ ಒಂದೇ ಉತ್ತರ ಕೊಟ್ಟರು: ಹರಳಿನ ಒಳಗೆ ಅಲ್ಲಲ್ಲಿ ಒಂದು ಪದರ ಅರ್ಧಕ್ಕೆ ನಿಂತಿರುತ್ತೆ. ಆ ಅರ್ಧ ಪದರದ ಅಂಚು ಒಂದೊಂದೇ ಸಾಲು ಸರಿಯುತ್ತಾ ಹೋಗುತ್ತೆ. ಪೂರ್ತಿ ಪದರ ಒಮ್ಮೆಲೇ ಜಾರಬೇಕಿಲ್ಲ. ಅದಕ್ಕೇ ತಂತಿ ಬಗ್ಗುತ್ತೆ.

ಉಪ್ಪು ಯಾಕೆ ಬಗ್ಗದೆ ಒಡೆಯುತ್ತೆ? ಅಲ್ಲಿ ಒಂದು ಪದರ ಒಂದು ಹೆಜ್ಜೆ ಸರಿದರೆ ಸೋಡಿಯಂ ಎದುರು ಸೋಡಿಯಂ, ಕ್ಲೋರಿನ್ ಎದುರು ಕ್ಲೋರಿನ್. ಒಂದನ್ನೊಂದು ತಳ್ಳಿ ಹರಳು ಸೀಳುತ್ತೆ. ಕಲ್ಲುಪ್ಪಿನ ಮೇಲೆ ಚಾಕು ಇಟ್ಟು ಮೆಲ್ಲಗೆ ತಟ್ಟಿ, ಒಡೆದ ಚೂರುಗಳೂ ಚೌಕವೇ.

ಕಮ್ಮಾರರು ಕತ್ತಿಯನ್ನು ಕೆಂಪಗೆ ಕಾಯಿಸಿ ನೀರಿಗೆ ಅದ್ದುತ್ತಾರಲ್ಲ, ಅಲ್ಲಿಯೂ ಜೋಡಣೆಯ ಆಟವೇ. ಕಬ್ಬಿಣ 912 ಡಿಗ್ರಿ ದಾಟಿದರೆ ಪರಮಾಣುಗಳು ಸಾಲು ಬದಲಿಸುತ್ತವೆ. ಕೆಳಗಿದ್ದಾಗ ಘನದ ಮೂಲೆಗಳಲ್ಲಿ ಮತ್ತು ನಡುಮಧ್ಯದಲ್ಲಿ ಒಂದೊಂದು. ಮೇಲೆ ಹೋದರೆ ಮೂಲೆಗಳಲ್ಲಿ ಮತ್ತು ಪ್ರತಿ ಮುಖದ ನಡುವೆ ಒಂದೊಂದು. ಈ ಎರಡನೆಯದರಲ್ಲಿ ಇಂಗಾಲಕ್ಕೆ ಕೂರಲು ಜಾಗ ಜಾಸ್ತಿ. ಇಂಗಾಲ ಬೆರೆತ ಉಕ್ಕಿನಲ್ಲಿ ಈ ಬದಲಾವಣೆ ಇನ್ನೂ ಕಡಿಮೆ ಶಾಖಕ್ಕೇ ಆಗುತ್ತೆ. ನಿಧಾನ ಆರಿಸಿದರೆ ಇಂಗಾಲ ಹೊರಗೆ ಬಂದು ಬೇರೆ ಕೂರುತ್ತೆ, ಕತ್ತಿ ಮೆತ್ತಗಾಗುತ್ತೆ. ತಟ್ಟನೆ ನೀರಿಗೆ ಹಾಕಿದರೆ ಇಂಗಾಲಕ್ಕೆ ಹೊರಬರಲು ಹೊತ್ತು ಸಾಲದು. ಸಿಕ್ಕಿಕೊಂಡು ಜೋಡಣೆಯನ್ನೇ ಒಂದು ಕಡೆಗೆ ಹಿಗ್ಗಿಸುತ್ತೆ. ಅರ್ಧ ಪದರಗಳು ಸರಿಯಲಾರದೆ ನಿಲ್ಲುತ್ತವೆ. ಅಲಗು ಗಟ್ಟಿ, ಹಾಗೇ ಪೆಡಸು ಕೂಡ. ಅದಕ್ಕೇ ಮತ್ತೆ ಸ್ವಲ್ಪ ಕಾಯಿಸುವುದು.

ನನ್ನ ಅಭಿಪ್ರಾಯ ಕೇಳಿದರೆ, ಜೋಡಣೆಗಿಂತ ಜೋಡಣೆಯ ತಪ್ಪುಗಳೇ ಸ್ವಾರಸ್ಯ. ಸಿಲಿಕಾನ್ ಚಿಪ್ ಮಾಡುವವರು ಮಾತ್ರ ನನ್ನ ಮಾತು ಒಪ್ಪುವುದಿಲ್ಲ. ಅವರಿಗೆ 300 ಮಿಲಿಮೀಟರ್ ಅಗಲದ ಬಿಲ್ಲೆ ಪೂರ್ತಿ ಒಂದೇ ಹರಳಾಗಿರಬೇಕು. ಹಾಗಿದ್ದೂ ಅದರೊಳಗೆ ರಂಜಕವನ್ನೋ ಬೋರಾನನ್ನೋ ಬೇಕಂತಲೇ ತೂರಿಸುತ್ತಾರೆ, ಬಿಡಿ.

ಮಲ್ಲಿಗೆ ದಂಡೆ

ಇಷ್ಟೆಲ್ಲ ತಿಳಿದವರು ಇದ್ದೀರಿ, ನಂದೊಂದು ಸಣ್ಣ ಪ್ರಶ್ನೆ. ಅತ್ತೆಗೆ ಅಂತ ತೀರ್ಥಕ್ಷೇತ್ರದಲ್ಲಿ ಸ್ಫಟಿಕದ ಜಪಮಾಲೆ ತಂದೆ. ಅಂಗಡಿಯವನು ಒರಿಜಿನಲ್ ಅಂತ ಆಣೆ ಹಾಕಿದ. ಗಾಜೋ ಸ್ಫಟಿಕವೋ ಅಂತ ಮನೆಯಲ್ಲೇ ತಿಳಿಯೋದು ಹೇಗೆ? ಮಣಿ ಒಡೆಯುವ ಪರೀಕ್ಷೆ ಬೇಡ ದಯವಿಟ್ಟು.

ಪ್ರಶ್ನಾರ್ಥಕ

ಅಕ್ಕ, ಲ್ಯಾಪ್‌ಟಾಪ್ ಮತ್ತು ಪೋಲರಾಯ್ಡ್ ಕೂಲಿಂಗ್ ಗ್ಲಾಸ್ ಇದ್ದರೆ ಸಾಕು. ಸ್ಕ್ರೀನ್ ತುಂಬಾ ಬಿಳಿ ಪುಟ ತೆರೆಯಿರಿ. ಕನ್ನಡಕದ ಮೂಲಕ ನೋಡುತ್ತಾ ಕನ್ನಡಕವನ್ನು ತಿರುಗಿಸಿ. ಒಂದು ಕೋನದಲ್ಲಿ ಸ್ಕ್ರೀನ್ ಕಪ್ಪಾಗುತ್ತೆ. ಅಲ್ಲೇ ನಿಲ್ಲಿಸಿ. ಈಗ ಸ್ಕ್ರೀನ್ ಮತ್ತು ಕನ್ನಡಕದ ನಡುವೆ ಮಣಿ ಹಿಡಿದು ಬೇರೆ ಬೇರೆ ಕಡೆಗೆ ಹೊರಳಿಸಿ. ನಿಜವಾದ ಸ್ಫಟಿಕ, ಅಂದರೆ ಕ್ವಾರ್ಟ್ಜ್ ಆದರೆ ಮಣಿಯೊಳಗೆ ಬೆಳಕು, ಕಾಮನಬಿಲ್ಲಿನ ಬಣ್ಣ ಕಾಣುತ್ತೆ. ಗಾಜಾದರೆ ಕಪ್ಪಾಗೇ ಇರುತ್ತೆ, ಹೆಚ್ಚೆಂದರೆ ಮಸುಕು ಬೆಳಕು.

ಸ್ಫಟಿಕದಲ್ಲಿ ಸಿಲಿಕಾನ್ ಮತ್ತು ಆಮ್ಲಜನಕ ಸಾಲಾಗಿ ಸುರುಳಿ ಸುತ್ತಿಕೊಂಡಿವೆ. ಒಂದು ದಿಕ್ಕು ಇನ್ನೆರಡರ ಹಾಗಿಲ್ಲ. ಬೆಳಕು ಅದರೊಳಗೆ ಎರಡಾಗಿ ಬೇರೆ ಬೇರೆ ವೇಗದಲ್ಲಿ ಹೋಗುತ್ತೆ. ಗಾಜಿನಲ್ಲಿ ಸಿಲಿಕಾನ್, ಆಮ್ಲಜನಕ ಇದ್ದರೂ ಸಾಲಿಲ್ಲ, ಎಲ್ಲ ದಿಕ್ಕೂ ಒಂದೇ. ಇನ್ನೊಂದು ಗುರುತು: ಸ್ಫಟಿಕ ಕೆನ್ನೆಗೆ ತಾಗಿಸಿದರೆ ಗಾಜಿಗಿಂತ ತಣ್ಣಗಿರುತ್ತೆ, ಜಾಸ್ತಿ ಹೊತ್ತು ತಣ್ಣಗೇ ಇರುತ್ತೆ. ಒಳಗೆ ಗುಂಡನೆಯ ಗಾಳಿಗುಳ್ಳೆ ಕಂಡರೆ ಗಾಜು.

ಆದರೆ ಕಾರ್ಖಾನೆಯಲ್ಲಿ ಬೆಳೆಸಿದ ಸ್ಫಟಿಕವೂ ಈ ಪರೀಕ್ಷೆಯಲ್ಲಿ ಪಾಸಾಗುತ್ತೆ. ಜೋಡಣೆ ಒಂದೇ, ಹುಟ್ಟಿದ ಜಾಗ ಬೇರೆ. ಮಾಲೆಯಿಂದ ಕಂಪನ ಬರುತ್ತೆ, ಬಿಪಿ ಇಳಿಯುತ್ತೆ ಅಂತ ಅಂಗಡಿಯವನು ಹೇಳಿದ್ದರೆ ಅದನ್ನು ನಂಬಬೇಡಿ.

ಮಲ್ಲಿಗೆ ದಂಡೆ

ಹೇಳಿದ್ದ. ಕ್ವಾರ್ಟ್ಜ್ ಗಡಿಯಾರ ನಡೆಯೋದು ಇದರ ಕಂಪನದಿಂದಲೇ ಅಂತಲೂ ಹೇಳಿದ್ದ.

ಪ್ರಶ್ನಾರ್ಥಕ

ಗಡಿಯಾರದ ಮಾತು ನಿಜ. ಅದರೊಳಗೆ ಲೆಕ್ಕ ಹಾಕಿ ಕತ್ತರಿಸಿದ ಚಿಕ್ಕ ಸ್ಫಟಿಕ ಇರುತ್ತೆ. ಬ್ಯಾಟರಿಯ ವಿದ್ಯುತ್ ಕೊಟ್ಟಾಗ ಸೆಕೆಂಡಿಗೆ 32,768 ಸಲ ನಡುಗುತ್ತೆ. ಅತ್ತೆಯ ಮಾಲೆಗೆ ಬ್ಯಾಟರಿ ಎಲ್ಲಿದೆ ಅಂತ ಅವನನ್ನೇ ಕೇಳಿ.

ಪಿಯು ಮೇಷ್ಟ್ರು

ಅದೇ ಲ್ಯಾಪ್‌ಟಾಪ್ ಪರೀಕ್ಷೆಯಲ್ಲಿ ಒಂದು ತೆಳು ಉಪ್ಪಿನ ಹರಳು, ಒಂದು ತೆಳು ಮೈಲುತುತ್ತದ ಹರಳು ಇಟ್ಟು ನೋಡಿ. ಉಪ್ಪು ಗಾಜಿನ ಹಾಗೆ ಕಪ್ಪು. ಮೂರೂ ದಿಕ್ಕು ಅದಕ್ಕೆ ಒಂದೇ. ಮೈಲುತುತ್ತ ಹೊಳೆಯುತ್ತೆ. ಮೊದಲ ಪ್ರಶ್ನೆಯ ಓರೆ ಇಲ್ಲಿಯೂ ಕಾಣುತ್ತೆ.

ಲಾಸ್ಟ್ ಬೆಂಚ್

ಮೇಷ್ಟ್ರೇ, ಚೌಕ ಇದೆ, ಓರೆ ಇದೆ, ಹಿಮಕ್ಕೆ ಆರು ಮೂಲೆ ಇದೆ. ಐದು ಮೂಲೆಯ ಹರಳು ಯಾಕಿಲ್ಲ? ಪರೀಕ್ಷೆಗೆ ಅಲ್ಲ, ಸುಮ್ನೆ.

ಪಿಯು ಮೇಷ್ಟ್ರು

ಪರೀಕ್ಷೆಗೆ ಬೇಡದ ಪ್ರಶ್ನೆಯೇ ಚೆಂದ. ಒಂದೇ ಅಳತೆಯ, ಬದಿ ಕೋನ ಎಲ್ಲ ಸಮನಾದ ಐದು ಮೂಲೆಯ ರಟ್ಟು ಕತ್ತರಿಸಿ ನೆಲದ ಮೇಲೆ ಜೋಡಿಸಿ ನೋಡು. ನಡುವೆ ಸಂದು ಬಿದ್ದೇ ಬೀಳುತ್ತೆ. ಮೂರು, ನಾಲ್ಕು, ಆರು ಮೂಲೆಯದು ಸಂದಿಲ್ಲದೆ ಕೂರುತ್ತೆ. ಒಂದೇ ಘಟಕ ಮತ್ತೆ ಮತ್ತೆ ಬರುವ ಜೋಡಣೆಯಲ್ಲಿ ಐದಕ್ಕೆ ಜಾಗವಿಲ್ಲ. ಇಂಥ ಜೋಡಣೆಗಳ ಸಮಮಿತಿ ಒಟ್ಟು 230 ಬಗೆ ಮಾತ್ರ ಅಂತ 1891ರ ಹೊತ್ತಿಗೆ ಫೆಡೊರೊವ್ ಮತ್ತು ಶೋನ್‌ಫ್ಲೀಸ್ ಎಣಿಸಿ ಮುಗಿಸಿದ್ದರು.

ಆಮೇಲೆ 1982ರ ಏಪ್ರಿಲ್ 8ರಂದು ಇಸ್ರೇಲಿನ ಡಾನ್ ಶೆಖ್ಟ್‌ಮನ್ ಅಮೆರಿಕದ ಒಂದು ಸರ್ಕಾರಿ ಲ್ಯಾಬಿನಲ್ಲಿ ಅಲ್ಯೂಮಿನಿಯಂ ಮ್ಯಾಂಗನೀಸ್ ಮಿಶ್ರಲೋಹವನ್ನು ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ನೋಡುತ್ತಿದ್ದ. ಸುತ್ತಲೂ ಹತ್ತು ಚುಕ್ಕೆ! ಐದರ ಹಾಗೆ ಹತ್ತಕ್ಕೂ ಆ 230 ಬಗೆಯಲ್ಲಿ ಜಾಗವಿಲ್ಲ. ನೋಟ್‌ಬುಕ್ಕಿನಲ್ಲಿ ಹತ್ತು ಅಂತ ಬರೆದು ಮೂರು ಪ್ರಶ್ನಾರ್ಥಕ ಚಿಹ್ನೆ ಹಾಕಿದ. ಯಾರೂ ನಂಬಲಿಲ್ಲ. ಲೇಖನ ಅಚ್ಚಾಗಿದ್ದು 1984ರಲ್ಲಿ. ಎರಡು ನೊಬೆಲ್ ಪಡೆದ ಲೈನಸ್ ಪೌಲಿಂಗ್ ಸಾಯುವ ತನಕ ಒಪ್ಪಲಿಲ್ಲ. ಆ ಲೋಹದಲ್ಲಿ ಪರಮಾಣುಗಳಿಗೆ ಕ್ರಮ ಇದೆ, ಆದರೆ ಒಂದೇ ಘಟಕ ಮರಳಿ ಮರಳಿ ಬರುವುದಿಲ್ಲ. 1992ರಲ್ಲಿ ಅಂತರರಾಷ್ಟ್ರೀಯ ಹರಳು ವಿಜ್ಞಾನಿಗಳ ಒಕ್ಕೂಟ ಹರಳು ಅಂದರೆ ಏನು ಅನ್ನುವ ಲಕ್ಷಣವನ್ನೇ ತಿದ್ದಿತು. 2011ರಲ್ಲಿ ಶೆಖ್ಟ್‌ಮನ್‌ಗೆ ನೊಬೆಲ್. ರಷ್ಯಾದ ಮೂಲೆಯಲ್ಲಿ ಬಿದ್ದ ಉಲ್ಕೆಯ ಚೂರಿನಲ್ಲೂ ಇಂಥ ಹರಳು ಸಿಕ್ಕಿದೆ.

ಮಲ್ಲೇಶ್ವರಂ ಬಸ್‌ಸ್ಟಾಪ್

ಇದರಲ್ಲಿ ನಮ್ಮೂರ ಪಾಲೂ ಇದೆ. ಎಂಬತ್ತರ ದಶಕದಲ್ಲಿ ಈ ಹೊಸ ಬಗೆಯ ಹರಳುಗಳ ಮೇಲೆ ಬೆಂಗಳೂರಿನ ಐಐಎಸ್‌ಸಿಯ (ಭಾರತೀಯ ವಿಜ್ಞಾನ ಸಂಸ್ಥೆ) ಮೆಟಲರ್ಜಿ ವಿಭಾಗದಲ್ಲೂ ಕೆಲಸ ನಡೆದಿತ್ತು. ಅದಕ್ಕೂ ಮೊದಲು ಆಕ್ಸ್‌ಫರ್ಡಿನಲ್ಲಿ ಡೊರೊತಿ ಹಾಜ್‌ಕಿನ್ 1935ರಲ್ಲಿ ಇನ್ಸುಲಿನ್ ಅನ್ನುವ ಪ್ರೋಟೀನಿನ ಹರಳಿನ ಎಕ್ಸ್‌ರೇ ಚಿತ್ರ ತೆಗೆದಿದ್ದರು. ಒಳಗಿನ ಜೋಡಣೆ ಬಿಡಿಸಿದ್ದು 1969ರಲ್ಲಿ. ಆ ತಂಡದಲ್ಲಿದ್ದ ಎಂ. ವಿಜಯನ್ ಆಮೇಲೆ ಬೆಂಗಳೂರಿಗೆ ಬಂದು ಐಐಎಸ್‌ಸಿಯಲ್ಲಿ ಪ್ರೋಟೀನ್ ಹರಳುಗಳ ಕೆಲಸ ಕಟ್ಟಿದರು. ಪ್ರೋಟೀನ್ ಹರಳಿನಲ್ಲಿ ಸುಮಾರು ಅರ್ಧ ನೀರೇ ಇರುತ್ತಂತೆ, ಅಡಿಕೆಗೊನೆಯವರ ಗಮನಕ್ಕೆ.

ಮಾತ್ರೆ ಡಬ್ಬಿ

ಮೆಡಿಕಲ್ ಶಾಪ್ ಕಡೆಯಿಂದ ಒಂದು ಸೇರಿಸುತ್ತೇನೆ. ಒಂದೇ ಅಣು ಎರಡು ಬಗೆಯಲ್ಲಿ ಜೋಡಣೆಯಾದರೆ ಏನಾಗುತ್ತೆ? ರಿಟೊನಾವಿರ್ ಅನ್ನುವ ಎಚ್‌ಐವಿ ಔಷಧ 1996ರಲ್ಲಿ ಮಾರುಕಟ್ಟೆಗೆ ಬಂತು. 1998ರಲ್ಲಿ ಕಾರ್ಖಾನೆಯ ಕ್ಯಾಪ್ಸೂಲುಗಳು ಕರಗುವ ಪರೀಕ್ಷೆಯಲ್ಲಿ ಫೇಲಾಗತೊಡಗಿದವು. ನೋಡಿದರೆ ಅದೇ ಅಣು ಹೊಸ ಜೋಡಣೆಯಲ್ಲಿ ಹರಳಾಗಿದೆ. ಇದು ಹಳೆಯದಕ್ಕಿಂತ ಗಟ್ಟಿ ಕೂತದ್ದು, ಕರಗುವುದು ಬಹಳ ಕಡಿಮೆ. ಒಮ್ಮೆ ಆ ಹರಳಿನ ಬೀಜ ಕಾಲಿಟ್ಟ ಜಾಗದಲ್ಲಿ ಹಳೆಯ ಬಗೆ ಮಾಡುವುದೇ ಕಷ್ಟವಾಯಿತು. ಆ ಕ್ಯಾಪ್ಸೂಲನ್ನು ಮಾರುಕಟ್ಟೆಯಿಂದ ವಾಪಸ್ ಪಡೆದು ಔಷಧವನ್ನು ಬೇರೆ ರೂಪದಲ್ಲಿ ಕೊಡಬೇಕಾಯಿತು. ಅಣು ಒಂದೇ, ಕುಳಿತ ಭಂಗಿ ಬೇರೆ, ರೋಗಿಯ ಹೊಟ್ಟೆಯಲ್ಲಿ ಕರಗಲೇ ಇಲ್ಲ.

ಅಡಿಕೆಗೊನೆ

ನಮ್ಮ ಜೇನು ಚಳಿಗಾಲದಲ್ಲಿ ಬಾಟಲಿಯ ತಳದಲ್ಲಿ ಸಕ್ಕರೆ ಸಕ್ಕರೆ ಆಗುತ್ತೆ. ಗಿರಾಕಿಗಳು ಕಲಬೆರಕೆ ಅಂತ ಜಗಳಕ್ಕೆ ಬರುತ್ತಾರೆ. ಅದೂ ಹರಳೇನಾ?

ಪಿಯು ಮೇಷ್ಟ್ರು

ಅದೂ ಹರಳೇ. ಜೇನಿನಲ್ಲಿರುವ ಗ್ಲೂಕೋಸ್ ಸಾಲುಗಟ್ಟಿ ಕೂರುತ್ತೆ. ಫ್ರಕ್ಟೋಸ್ ಅನ್ನುವ ಇನ್ನೊಂದು ಸಕ್ಕರೆ ಅಷ್ಟು ಸುಲಭಕ್ಕೆ ಕೂರುವುದಿಲ್ಲ, ಹಾಗಾಗಿ ಮೇಲೆ ತೆಳ್ಳಗೆ ಉಳಿಯುತ್ತೆ. ಗ್ಲೂಕೋಸ್ ಜಾಸ್ತಿ ಇರುವ ಹೂವಿನ ಜೇನು ಬೇಗ ಗಟ್ಟಿಯಾಗುತ್ತೆ. ಗಟ್ಟಿಯಾಯಿತು ಅಂತ ಕಲಬೆರಕೆ ಅನ್ನಲು ಬರುವುದಿಲ್ಲ. ಗಟ್ಟಿಯಾಗಲಿಲ್ಲ ಅಂತ ಅಪ್ಪಟ ಅನ್ನಲೂ ಬರುವುದಿಲ್ಲ. ಬಾಟಲಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿಡಿ, ಕರಗುತ್ತೆ.

ತೋಟದಮನೆ

ಮಗಳು ಇದನ್ನೆಲ್ಲ ಓದಿ ಮೈಲುತುತ್ತದ ದೊಡ್ಡ ಹರಳು ಬೆಳೆಸಬೇಕು ಅಂತ ಹಠ ಹಿಡಿದಿದ್ದಾಳೆ. ಚೀಲದ ತಳದಲ್ಲಿ ತಾನಾಗೇ ಬೆಳೆದದ್ದು ಹೇಗೆ, ಬೇಕಂತ ಬೆಳೆಸುವುದು ಹೇಗೆ?

ಪಿಯು ಮೇಷ್ಟ್ರು

ಚೀಲದಲ್ಲಿ ಮಳೆಗಾಲದ ಪಸೆಗೆ ಪುಡಿಯ ಕಾಳುಗಳ ಮೈ ಸ್ವಲ್ಪ ಕರಗಿದೆ. ಬಿಸಿಲು ಬಂದಾಗ ಕರಗಿದ್ದು ಮತ್ತೆ ಹರಳಾಗಿದೆ. ಸಣ್ಣ ಕಾಳು ಬೇಗ ಕರಗುತ್ತೆ, ದೊಡ್ಡದರ ಮೇಲೆ ಬಂದು ಕೂರುತ್ತೆ. ಹೀಗೆ ಸಣ್ಣದನ್ನು ತಿಂದು ದೊಡ್ಡದು ಬೆಳೆದಿದೆ.

ಬೆಳೆಸುವುದಕ್ಕೆ: ಗಾಜಿನ ಬಾಟಲಿಯಲ್ಲಿ ಬಿಸಿನೀರಿಗೆ ಇನ್ನು ಕರಗದು ಅನ್ನುವಷ್ಟು ಮೈಲುತುತ್ತ ಹಾಕಿ, ಬಟ್ಟೆಯಲ್ಲಿ ಸೋಸಿ, ರಾತ್ರಿ ಬಿಡಿ. ತಳದಲ್ಲಿ ಸಣ್ಣ ಹರಳು ಬಿದ್ದಿರುತ್ತವೆ. ಅದರಲ್ಲಿ ಅಂಚು ಮುರಿಯದ ಒಂದನ್ನು ಆರಿಸಿ ನೈಲಾನ್ ದಾರಕ್ಕೆ ಕಟ್ಟಿ. ತಣ್ಣಗಾದ ದ್ರಾವಣವನ್ನು ಮತ್ತೆ ಸೋಸಿ ಅದರಲ್ಲಿ ತೂಗುಬಿಡಿ. ಬಾಯಿಗೆ ಕಾಗದ ಮುಚ್ಚಿ, ಅಲುಗಾಡದ ಜಾಗದಲ್ಲಿಡಿ. ಆತುರ ಮಾಡಿ ಬಿಸಿಲಿಗಿಟ್ಟರೆ ಹರಳು ಮೋಡ ಕಟ್ಟಿದ ಹಾಗೆ ಬರುತ್ತೆ, ಹಗಲು ಬಿಸಿಯಾದಾಗ ಕಟ್ಟಿದ್ದೂ ಕರಗಿಹೋಗಬಹುದು. ವಾರಗಟ್ಟಲೆ ಕಾಯಬೇಕು.

ವಿಷ ಅದು, ಮರೆಯಬೇಡಿ. ಕೈಗವಸು ಹಾಕಿಸಿ, ಅಡುಗೆ ಪಾತ್ರೆ ಮುಟ್ಟಿಸಬೇಡಿ. ಉಳಿದ ನೀರನ್ನು ಕೆರೆಗೋ ಹಳ್ಳಕ್ಕೋ ಚೆಲ್ಲಬೇಡಿ, ಮೀನು ಸಾಯುತ್ತವೆ. ಮುಂದಿನ ಬೋರ್ಡೋಗೆ ಬೆರೆಸಿಬಿಡಿ.

ಅಡಿಕೆಗೊನೆ

ಬೆರೆಸುವಾಗ ಆ 9 ಕೆಜಿಯ ಲೆಕ್ಕವನ್ನೂ ನೋಡಿಕೊಳ್ಳಿ ಅಂತ ಮಗಳಿಗೆ ಹೇಳಿ.